ಅತ್ತಿಗೆಯ ಎರಡು ದಪ್ಪ ತಂತಿ

ನಮ್ಮ ಅತ್ತಿಗೆ ಮೋಟಾರ್ ಸುತ್ತುವವರು. ನೀರೆತ್ತುವ ಪಂಪು, ಫ್ಯಾನು, ಕಾರ್ಖಾನೆಯ ಮೋಟಾರು, ಯಾವುದು ಸುಟ್ಟು ಬಂದರೂ ಅದರ ಹೊಟ್ಟೆ ಬಿಚ್ಚಿ, ಕರಕಲಾದ ತಾಮ್ರದ ತಂತಿಯನ್ನೆಲ್ಲ ಕಿತ್ತುಹಾಕಿ, ಹೊಸ ಕಾಯಿಲ್ ಸುತ್ತಿ ಕೂರಿಸಿ, ವಾರ್ನಿಶ್ ಹೊಯ್ದು ಒಣಗಿಸಿ, ಮತ್ತೆ ತಿರುಗುವಂತೆ ಮಾಡಿ ಕಳಿಸುತ್ತಾರೆ. ಬೀಗದ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಆ ವರ್ಕ್‌ಶಾಪು ಅವರ ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಅದು ಮುಚ್ಚುತ್ತದೆ ಅಂತಲೇ ಎಲ್ಲರೂ ತಿಳಿದಿದ್ದರು. ಅತ್ತಿಗೆ ಯಾರನ್ನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಷಟರ್ ಎತ್ತಿ, ಅಪ್ಪನ ಸ್ಟೂಲಿನ ಮೇಲೆ ಕೂತು, ಅವರು ಅರ್ಧಕ್ಕೆ ಬಿಟ್ಟಿದ್ದ ಪಂಪನ್ನು ಮುಗಿಸಿದರು. ಅವತ್ತಿನಿಂದ ಸುತ್ತುತ್ತಲೇ ಇದ್ದಾರೆ. ಕೆಲಸ ಮುಗಿದ ಮೋಟಾರಿಗೆ ಕರೆಂಟ್ ಕೊಟ್ಟು, ಅದರ ಮೈಮೇಲೆ ಅಂಗೈ ಊರಿ, ತಲೆ ಒಂದಿಷ್ಟು ವಾಲಿಸಿ ನಿಲ್ಲುತ್ತಾರೆ. ಅವರು "ಹೂಂ" ಅಂದರೆ ಆ ಮೋಟಾರು ಮತ್ತೆ ವಾಪಸ್ ಬರುವುದಿಲ್ಲ.

ಇಂಥವರು ಬೇಸ್ ಗಿಟಾರ್ ಹಿಡಿದದ್ದಕ್ಕೆ ಕಾರಣ ನಾನೇ. ನನ್ನದು ಕಾರಿನ ಡೆಂಟಿಂಗ್ ಶೆಡ್ಡು. "ಹಗಲೆಲ್ಲ ತಗಡು ಬಡಿದದ್ದು ಸಾಲದು ಅಂತ ಸಂಜೆ ಡ್ರಮ್ಸ್ ಬಡೀತಾನೆ" ಅಂತ ಅಣ್ಣ ಬಂದವರಿಗೆಲ್ಲ ನನ್ನ ಪರಿಚಯ ಮಾಡಿಸುತ್ತಾನೆ. ನಮ್ಮದೊಂದು ಪುಟ್ಟ ಆರ್ಕೆಸ್ಟ್ರಾ ಇದೆ. ಮದುವೆಯ ಪಾರ್ಟಿ, ಶಾಲೆಯ ವಾರ್ಷಿಕೋತ್ಸವ, ಯಾರದೋ ನಿವೃತ್ತಿ, ಕರೆದಲ್ಲಿಗೆ ಹೋಗುತ್ತೇವೆ. ಹಾಡುವವರು ಪ್ರೈಮರಿ ಶಾಲೆಯಲ್ಲಿ ಟೀಚರ್, ನಮ್ಮಲ್ಲೂ ಅವರಿಗೆ ಟೀಚರ್ ಅಂತಲೇ ಹೆಸರು. ಕೀಬೋರ್ಡ್ ನುಡಿಸುವವನದು ಔಷಧಿ ಅಂಗಡಿ, ಹಾಗಾಗಿ ಅವನು ಎಲ್ಲರ ಬಾಯಲ್ಲೂ 'ಮಾತ್ರೆ'. ಬೇಸ್ ನುಡಿಸುತ್ತಿದ್ದವನು ಬೇರೆ ಊರಿಗೆ ವರ್ಗವಾದಾಗ ಗಿಟಾರನ್ನು ನಮಗೇ ಬಿಟ್ಟು ಹೋದ. ಅದು ತಿಂಗಳುಗಟ್ಟಲೆ ನನ್ನ ಶೆಡ್ಡಿನಲ್ಲಿ ಪೇಂಟ್ ಡಬ್ಬಗಳ ಪಕ್ಕ ಗೋಡೆಗೆ ಒರಗಿಕೊಂಡಿತ್ತು. ನನ್ನ ಕಂಪ್ರೆಸರ್ ಮೋಟಾರು ಕೈಕೊಟ್ಟು ಅದನ್ನು ನೋಡಲು ಬಂದ ಅತ್ತಿಗೆ, ಕೈ ಒರೆಸಿಕೊಳ್ಳುತ್ತಾ, ಅದರ ಅತಿ ದಪ್ಪದ ತಂತಿಯನ್ನು ಹೆಬ್ಬೆರಳಿನಿಂದ ಒಂದು ಸಲ ಮೀಟಿದರು. ಇನ್ನೂ ನುಡಿಯುತ್ತದೆಯೋ ನೋಡೋಣ ಅಂತ ಅವತ್ತು ನಾನೇ ಅದನ್ನು ಆಂಪ್ಲಿಫೈಯರಿಗೆ ಹಚ್ಚಿ ಆನ್ ಮಾಡಿಟ್ಟಿದ್ದೆ. ಆ ಸದ್ದು ಕಿವಿಗೆ ಬರುವ ಮೊದಲು ಎದೆಗೆ ಬಂದು ತಾಗುವಂಥದ್ದು. ಅತ್ತಿಗೆ ಇನ್ನೊಂದು ಸಲ ಮೀಟಿದರು. ಮತ್ತೊಂದು ಸಲ. ಕಂಪ್ರೆಸರ್ ಅವತ್ತು ರಿಪೇರಿಯಾಗಲಿಲ್ಲ.

ಹೊಸದಾಗಿ ಕಲಿಯುವವರಿಗೆ ಆ ತಂತಿ ಒತ್ತಿ ಒತ್ತಿ ಬೆರಳೆಲ್ಲ ಬೊಬ್ಬೆ ಏಳುತ್ತದೆ. ತಾಮ್ರ ಎಳೆದೂ ಎಳೆದೂ ಕಾಯಿಕಟ್ಟಿದ ಅತ್ತಿಗೆಯ ಬೆರಳಿಗೆ ಅದರ ಪರಿವೆಯೇ ಇರಲಿಲ್ಲ. ತಾಳ ಅವರ ಮೈಯಲ್ಲೇ ಇತ್ತು. ಅವರು ಬಂದ ಮೇಲೆ ನನ್ನ ಡ್ರಮ್ಸಿಗೆ ನೆಲ ಸಿಕ್ಕಿತು ಅಂತ ಟೀಚರ್ ಹೇಳುತ್ತಾರೆ. ಅದಕ್ಕೂ ಮೊದಲು ಅದು ಎಲ್ಲಿತ್ತು ಅಂತ ನಾನು ಕೇಳಲಿಲ್ಲ.

ಇಲ್ಲಿ ದೊಡ್ಡಮ್ಮನ ವಿಷಯ ಹೇಳಬೇಕು. ದೊಡ್ಡಮ್ಮ ಅಂದರೆ ಅತ್ತಿಗೆಯ ಅಮ್ಮ, ಅಣ್ಣನ ಮನೆಯಲ್ಲೇ ಇದ್ದಾರೆ. ಅತ್ತಿಗೆಗೆ ಈಗ ಇರುವಷ್ಟೇ ವಯಸ್ಸಿನಲ್ಲಿ ಅವರ ಕಿವಿ ಮಂದವಾಗತೊಡಗಿತ್ತು. ಸಾಮಾನ್ಯವಾಗಿ ವಯಸ್ಸಾದವರಿಗೆ ಮೊದಲು ಸಣ್ಣ, ಚೂಪು ಸದ್ದು ಕೇಳಿಸದಂತಾಗುತ್ತದೆ. ದೊಡ್ಡಮ್ಮನಿಗೆ ಆದದ್ದು ತಿರುವುಮುರುವು. ಮೊದಲು ಹೋದದ್ದು ತಗ್ಗಿನ ಸದ್ದುಗಳು: ದೂರದ ಬಸ್ಸು, ಗುಡುಗು, ಗಂಡನ ದಪ್ಪ ದನಿ. "ಅವರ ಮಾತು ಕೇಳಿಸದಿದ್ದರೆ ನನಗೇನು ನಷ್ಟ" ಅಂತ ಆಗ ನಗುತ್ತಿದ್ದರಂತೆ. ಆಮೇಲೆ ನಗುವುದನ್ನು ಬಿಟ್ಟರು. ಕಿವಿಯೊಳಗಿನ ಒಂದು ಪುಟ್ಟ ಎಲುಬು ಬಿಗಿದುಕೊಂಡು ಅಲುಗಾಡದಂತಾಗಿದೆ, ಇದು ಕೆಲವು ಮನೆತನಗಳಲ್ಲಿ ತಾಯಿಯಿಂದ ಮಕ್ಕಳಿಗೂ ಬರಬಹುದು ಅಂತ ಡಾಕ್ಟರ್ ಹೇಳಿದ್ದರು. ಆಪರೇಷನ್ ತಡವಾಗಿ ಆಯಿತು, ಅಷ್ಟೇನೂ ಫಲ ಕೊಡಲಿಲ್ಲ. ಕಿವಿಗೆ ಹಾಕುವ ಮಿಷನ್ ಇದೆ, ಆದರೆ ಅದು ಪಾತ್ರೆ ಸದ್ದನ್ನೇ ದೊಡ್ಡದು ಮಾಡುತ್ತದೆ ಅಂತ ಬೇಸರಪಟ್ಟು ಹೆಚ್ಚಾಗಿ ಡಬ್ಬಿಯಲ್ಲೇ ಇಟ್ಟಿರುತ್ತಾರೆ. ನಾವು ಮಾತಾಡುವಾಗ ನಮ್ಮ ಮುಖಕ್ಕೆ ಮುಖ ಕೊಟ್ಟು, ತುಟಿ ಓದುತ್ತಾರೆ. ಅವರ ಮುಂದೆ ಗುಟ್ಟು ಮಾತಾಡುವುದು ನಮಗೆ ಯಾವತ್ತೂ ಸಾಧ್ಯವಾಗಿಲ್ಲ.

ಹೋದ ಬೇಸಿಗೆ ಮೈ ಬೇಯುವಂಥ ಸೆಕೆ. ಒಂದು ಮದುವೆಯ ಪಾರ್ಟಿಯಲ್ಲಿ ನುಡಿಸುವಾಗ ಅತ್ತಿಗೆಗೆ ತಮ್ಮ ಗಿಟಾರಿನ ಎರಡು ದಪ್ಪ ತಂತಿಗಳ ಸದ್ದು ಯಾಕೋ ಸೊರಗಿದಂತೆ ಕೇಳಿಸಿತಂತೆ. ಬೇಸ್ ಗಿಟಾರಿಗೆ ಇರುವುದೇ ನಾಲ್ಕು ತಂತಿ. ಎರಡು ಸಣ್ಣವು ಸರಿಯಾಗಿಯೇ ಕೇಳಿಸುತ್ತಿವೆ, ಎರಡು ದಪ್ಪದವು ಪಕ್ಕದ ಕೋಣೆಗೆ ಹೋಗಿ ಕೂತಂತಿವೆ. ಅವರು ಆಂಪ್ಲಿಫೈಯರಿನ ವಾಲ್ಯೂಮ್ ಏರಿಸಿದರು. ಮುಂದಿನ ಹಾಡು ಮುಗಿಯುತ್ತಿದ್ದಂತೆ ಟೀಚರ್ ಹತ್ತಿರ ಬಂದು, ಬೇಸ್ ಜಾಸ್ತಿಯಾಗಿ ತಮ್ಮ ದನಿಯೇ ಮುಚ್ಚಿಹೋಗುತ್ತಿದೆ, ಸ್ವಲ್ಪ ಇಳಿಸಿ ಅಂದರು. ಟೀಚರ್ ಹೇಳಿದ್ದು ಸಣ್ಣ ತಂತಿಗಳ ಮಾತು, ಆ ಹಾಡು ಪೂರ್ತಿ ಅವುಗಳ ಮೇಲೇ ಇತ್ತು. ಆದರೆ ಅತ್ತಿಗೆಗೆ ಅದು ಬೇರೆಯೇ ಅರ್ಥ ಕೊಟ್ಟಿತು. ಎಲ್ಲರಿಗೂ ಜಾಸ್ತಿ ಕೇಳಿಸುತ್ತಿದೆ, ನನಗೊಬ್ಬಳಿಗೇ ಕಮ್ಮಿ. ಅದೂ ತಗ್ಗಿನ ಸದ್ದು. ಅವರು ವಾಲ್ಯೂಮ್ ಇಳಿಸಿ, ಮುಖದಲ್ಲಿ ಏನೂ ತೋರಿಸದೆ ಕಾರ್ಯಕ್ರಮ ಮುಗಿಸಿದರು.

ಇದನ್ನೆಲ್ಲ ಅತ್ತಿಗೆ ಆಗ ಯಾರಿಗೂ ಹೇಳಲಿಲ್ಲ, ನಮಗೆ ಗೊತ್ತಾದದ್ದು ಬಹಳ ತಡವಾಗಿ. ಒಳಗೊಳಗೇ ತಮ್ಮ ಕಿವಿಯನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರಂತೆ. ಅಣ್ಣನನ್ನು ಬಚ್ಚಲಿನಿಂದಲೇ ಮಾತಾಡಿಸಿ, ಅವನು ಹೇಳಿದ್ದು ಎಷ್ಟು ಅರ್ಥವಾಯಿತು ಅಂತ ನೋಡುವುದು. ಫ್ರಿಜ್ಜಿನ ಮುಂದೆ ನಿಂತು ಅದರ ಗುಂಯ್ ಸದ್ದು ಕೇಳಿಸುತ್ತದೆಯೋ ಅಂತ ಕಾಯುವುದು. ಅಣ್ಣ ಒಂದು ದಿನ ನೋಡಿ, "ಬಾಗಿಲು ತೆಗೆದರೆ ತಾನೇ ಒಳಗೇನಿದೆ ಅಂತ ಗೊತ್ತಾಗೋದು" ಅಂದನಂತೆ. ಕೇಳಿಸಿದ ದಿನ ನೆಮ್ಮದಿ, ಆದರೆ ಮರುದಿನ ಬೀದಿಯ ಗಲಾಟೆಯಲ್ಲಿ ಕೇಳಿಸದಿದ್ದರೆ ಮತ್ತೆ ಮೊದಲಿನಿಂದ ಪರೀಕ್ಷೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ವರ್ಕ್‌ಶಾಪಿನಲ್ಲಿ ಆದದ್ದು. ಮೋಟಾರಿನ ಮೇಲೆ ಕೈ ಇಟ್ಟು ನಿಂತಿದ್ದಾಗ ಅವರಿಗೆ ಹೊಳೆಯಿತು: ಇಷ್ಟು ವರ್ಷ ನಾನು ಇದನ್ನು ಕೇಳಿಸಿಕೊಂಡದ್ದು ಕಿವಿಯಿಂದಲೋ ಅಂಗೈಯಿಂದಲೋ? ಕೈ ತೆಗೆದು ನೋಡಿದರು. ಸದ್ದು ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಆಮೇಲೆ ಸುತ್ತಿದ ಒಂದೊಂದು ಮೋಟಾರನ್ನೂ ಕಳಿಸುವ ಮೊದಲು ಮತ್ತೆ ಮತ್ತೆ ಓಡಿಸಿ ನೋಡತೊಡಗಿದರು. ಪಂಪು ಒಯ್ಯಲು ಬಂದ ಗಿರಾಕಿಗಳು ಬಾಗಿಲಲ್ಲಿ ನಿಂತು ಆಕಳಿಸುವಂತಾಯಿತು.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂದರೆ, ಹೋದರೆ ಗೊತ್ತಾಗಿಬಿಡುತ್ತದಲ್ಲ. ಅದಕ್ಕಿಂತ ದೊಡ್ಡ ಕಾರಣ ದೊಡ್ಡಮ್ಮ. ಮಗಳಿಗೆ ಇದು ಬಂದಿದೆ ಅಂತ ತಿಳಿದರೆ ತಾನೇ ಕೊಟ್ಟೆ ಅಂತ ಅವರು ಕೊರಗುತ್ತಾರೆ. ಆದರೆ ದೊಡ್ಡಮ್ಮನ ಕಣ್ಣು ತಪ್ಪಿಸುವುದು ಸುಲಭವಲ್ಲ. ಒಂದು ಮಧ್ಯಾಹ್ನ ಇಬ್ಬರೇ ಕೂತು ಸೊಪ್ಪು ಬಿಡಿಸುತ್ತಿದ್ದಾಗ ಅವರು ಸೊಪ್ಪು ಕೆಳಗಿಟ್ಟು ಕೇಳಿದರಂತೆ:

"ಯಾಕೆ ಎಲ್ಲರ ಬಾಯಿ ನೋಡ್ತಾ ಇದೀಯ?"

"ಏನಿಲ್ಲಮ್ಮ."

"ನಾನೂ ಮೊದಮೊದಲು ಏನಿಲ್ಲ ಅಂತಾನೇ ಅಂತಿದ್ದೆ."

ಅತ್ತಿಗೆ ಎದ್ದು ಹೋಗಿ ಒಲೆ ಮೇಲೆ ಏನೂ ಇಲ್ಲದಿದ್ದರೂ ಏನೋ ನೋಡಿ ಬಂದರು. ದೊಡ್ಡಮ್ಮ ಮತ್ತೆ ಸೊಪ್ಪು ಕೈಗೆತ್ತಿಕೊಂಡರು. ಅವತ್ತಿನಿಂದ ತಾಯಿ ಮಗಳು ಒಬ್ಬರನ್ನೊಬ್ಬರು ಕದ್ದು ಕದ್ದು ನೋಡುವುದೇ ಆಯಿತು.

ನಮ್ಮ ಕಡೆ ಏನಾಗುತ್ತಿತ್ತು ಅಂದರೆ, ಅತ್ತಿಗೆಯ ಬೇಸ್ ದಿನದಿಂದ ದಿನಕ್ಕೆ ಸಪ್ಪೆಯಾಗುತ್ತಿತ್ತು. ಸಣ್ಣ ತಂತಿಗಳಿಗೆ ಬಂದರೆ ದನಿ ಇದೆ, ದಪ್ಪ ತಂತಿಗಳಿಗೆ ಇಳಿದರೆ ಏನೂ ಇಲ್ಲ, ಮೆಟ್ಟಿಲಿದೆ ಅಂತ ಕಾಲಿಟ್ಟರೆ ಮೆಟ್ಟಿಲೇ ಇಲ್ಲದ ಹಾಗೆ. ಅವರು ಬೇಕಂತಲೇ ಮೆಲ್ಲಗೆ ನುಡಿಸುತ್ತಿದ್ದಾರೆ ಅಂತ ನಾನು ತಿಳಿದೆ. ಟೀಚರ್ ಇಳಿಸಿ ಅಂದದ್ದು ಅವರಿಗೆ ನಾಟಿರಬೇಕು ಅಂತ ಮಾತ್ರೆಯ ಊಹೆ. ಟೀಚರಿಗೂ ಅದೇ ಅನುಮಾನ ಬಂದು, ಅವರು ಅತ್ತಿಗೆಯ ಮುಂದೆ ಜೋರಾಗಿ ಉಸಿರಾಡಲೂ ಹೆದರುತ್ತಿದ್ದರು. ವಯಸ್ಸಿನಲ್ಲಿ, ಸಂಬಂಧದಲ್ಲಿ ದೊಡ್ಡವರು. ನಿಮ್ಮ ಕೈ ನಡೆಯುತ್ತಿಲ್ಲ ಅಂತ ಅತ್ತಿಗೆಗೆ ಹೇಳುವುದು ಹೇಗೆ? ಇಷ್ಟರಲ್ಲಿ ಅತ್ತಿಗೆಯೇ ಒಂದು ಸಂಜೆ, ಬರುವ ನಿವೃತ್ತಿ ಸಮಾರಂಭದ ಕಾರ್ಯಕ್ರಮ ಮುಗಿದ ಮೇಲೆ ಬೇರೆ ಯಾರನ್ನಾದರೂ ನೋಡಿಕೋ, ವರ್ಕ್‌ಶಾಪಿನಲ್ಲಿ ಕೆಲಸ ಜಾಸ್ತಿ ಅಂದರು. ನನಗೆ ಖಾತ್ರಿಯಾಯಿತು, ಇದು ಕೋಪವೇ.

ಆ ಸಮಾರಂಭಕ್ಕೆ ನಾವು ಹೊಸದಾಗಿ ಒಂದು ಹಾಡು ಕಟ್ಟಿದ್ದೆವು. ಅದು ಶುರುವಾಗುವುದೇ ಬೇಸಿನಿಂದ, ದಪ್ಪ ತಂತಿಗಳ ಮೇಲೆ ಒಂದು ಸಾಲು. ಆ ಸಾಲು ಕೇಳಿ ಟೀಚರ್ ಹಾಡು ಎತ್ತಿಕೊಳ್ಳಬೇಕು. ಶನಿವಾರ ಸಂಜೆ ಶೆಡ್ಡಿನಲ್ಲಿ ತಾಲೀಮು ಮಾಡುವಾಗ ಟೀಚರ್ ಎತ್ತಿಕೊಳ್ಳಲೇ ಇಲ್ಲ. ಇನ್ನೊಂದು ಸಲ ಶುರು ಮಾಡಿದೆವು. ಮತ್ತೆ ತಪ್ಪಿತು. ಟೀಚರ್ ಬಾಯಿ ತೆರೆದು, ಕಿವಿ ನಿಮಿರಿಸಿ ನಿಂತೇ ಇದ್ದಾರೆ. ನಾನು ಕೋಲು ಕೆಳಗಿಟ್ಟೆ. ತಾಳ್ಮೆಯಿಂದ ಹೇಳಬೇಕು ಅಂತಲೇ ಇದ್ದೆ, ಆದರೆ ಬಂದದ್ದು ಹಾಗಲ್ಲ.

"ಅತ್ತಿಗೆ, ನಿಮ್ಮ ದಪ್ಪ ತಂತಿ ಎರಡೂ ಎಲ್ಲಿ ಹೋದವು? ನನಗಂತೂ ವಾರಗಟ್ಟಲೆ ಆಯ್ತು ಕೇಳಿಸಿ."

ಅತ್ತಿಗೆ ಗಿಟಾರ್ ಹಿಡಿದುಕೊಂಡೇ ಹಿಂದಿದ್ದ ಪೇಂಟ್ ಡಬ್ಬದ ಮೇಲೆ ಮೆಲ್ಲಗೆ ಕೂತರು. ಆಗಬಾರದ್ದು ಆಯಿತು ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಅವರು ಕೇಳಿದರು.

"ನಿನಗೆ ಕೇಳಿಸ್ತಾ ಇಲ್ವಾ?"

"ಇಲ್ಲ ಅತ್ತಿಗೆ."

"ನಿಜವಾಗ್ಲೂ?"

"ಕೋಪ ಮಾಡ್ಕೋಬೇಡಿ. ಕೇಳಿಸ್ತಾ ಇಲ್ಲ."

ಅವರು ಟೀಚರ್ ಕಡೆ ತಿರುಗಿದರು. ಟೀಚರ್ ತಪ್ಪು ಮಾಡಿದ ಮಗುವಿನ ಹಾಗೆ ತಲೆಯಾಡಿಸಿ, ತಮಗೂ ಇಲ್ಲ ಅಂದರು. ಮಾತ್ರೆಯನ್ನು ಕೇಳಿದರು. ಅವನಿಗೂ ಇಲ್ಲ. ಒಬ್ಬೊಬ್ಬರು ಇಲ್ಲ ಅಂದಾಗಲೂ ಅತ್ತಿಗೆಯ ಮುಖ ಒಂದೊಂದು ಸುತ್ತು ಬಿಚ್ಚಿಕೊಳ್ಳುತ್ತಿತ್ತು. ಬೈಸಿಕೊಂಡು ಇಷ್ಟು ಖುಷಿಪಟ್ಟವರನ್ನು ನಾನು ನೋಡಿಲ್ಲ. ಕೊನೆಗೆ ಅವರು ಗಿಟಾರಿನ ಮೇಲೆ ಹಣೆ ಇಟ್ಟು ಅಳತೊಡಗಿದರು. ಅಳುತ್ತಲೇ ನಕ್ಕರು. ಮಾತ್ರೆ ಗಾಬರಿಯಾಗಿ ನೀರಿನ ಬಾಟಲಿ ಹುಡುಕಿದ. ಸ್ವಲ್ಪ ಸುಧಾರಿಸಿಕೊಂಡು ಎಲ್ಲವನ್ನೂ ಹೇಳಿದರು: ಪಾರ್ಟಿಯ ದಿನ, ಫ್ರಿಜ್ಜು, ಅಂಗೈ, ಸೊಪ್ಪು ಬಿಡಿಸುವಾಗ ಅಮ್ಮ ಕೇಳಿದ್ದು. ನನಗೆ ಮಾತ್ರ ಕೇಳಿಸದಿದ್ದರೆ ಕಿವಿಯ ದೋಷ, ನಾಲ್ಕೂ ಜನಕ್ಕೆ ಕೇಳಿಸದಿದ್ದರೆ ಗಿಟಾರಿನ ದೋಷ, ಗಿಟಾರನ್ನು ಬಿಚ್ಚಬಹುದು ಅಂದರು. ಆ 'ಬಿಚ್ಚಬಹುದು' ಅನ್ನುವುದನ್ನು ಅವರು ಹೇಳಿದ ರೀತಿ ಈಗಲೂ ನನ್ನ ಕಿವಿಯಲ್ಲಿದೆ.

ಆವತ್ತು ತಾಲೀಮು ಅಲ್ಲಿಗೇ ನಿಂತು ರೋಗ ಹುಡುಕುವ ಕೆಲಸ ಶುರುವಾಯಿತು. ಮೊದಲು ಅನುಮಾನ ಹೋದದ್ದು ಆಂಪ್ಲಿಫೈಯರ್ ಮೇಲೆ. ಗಿಟಾರ್ ಕಿತ್ತು ಅದೇ ಪೆಟ್ಟಿಗೆಗೆ ಮಾತ್ರೆಯ ಕೀಬೋರ್ಡ್ ಹಚ್ಚಿ, ತೀರಾ ತಗ್ಗಿನ ಸ್ವರ ಒತ್ತಿಸಿದೆವು. ಪೇಂಟ್ ಡಬ್ಬಗಳು ಗಡಗಡ ನಡುಗಿದವು. ಪೆಟ್ಟಿಗೆ ಸರಿಯಾಗಿದೆ. ವಯರ್ ಬದಲಾಯಿಸಿ ನೋಡಿದೆವು, ವ್ಯತ್ಯಾಸವಿಲ್ಲ. ತಂತಿಗಳೇ ಹಳತಾಗಿ ಸತ್ತಿರಬಹುದು ಅಂತ ನಾನು ಹೇಳಿದೆ. ಚೀಲದಲ್ಲಿ ಒಂದು ಹೊಸ ಸೆಟ್ ಇತ್ತು, ಹಾಕಿದೆವು. ನಾಲ್ಕೂ ತಂತಿ ಮೊದಲಿಗಿಂತ ಹೊಳಪಾಗಿ ನುಡಿದವು, ಆದರೆ ದಪ್ಪದವೆರಡು ಅಷ್ಟೇ ಹಿಂದೆ ಉಳಿದವು.

ಅತ್ತಿಗೆ ನಾಲ್ಕನ್ನೂ ಒಂದೇ ಒತ್ತಿನಲ್ಲಿ, ಒಂದಾದ ಮೇಲೊಂದು ಮೀಟುತ್ತಾ ಹೋದರು. ಆಗ ಒಂದು ಸಂಗತಿ ಗಮನಕ್ಕೆ ಬಂತು. ಸದ್ದು ಸಣ್ಣದರಿಂದ ದಪ್ಪಕ್ಕೆ ಸ್ವಲ್ಪಸ್ವಲ್ಪವೇ ಇಳಿಯುತ್ತಿಲ್ಲ. ಸಣ್ಣವೆರಡು ಸಮ. ದಪ್ಪವೆರಡು ಸಮ. ನಡುವೆ ಒಮ್ಮೆಗೇ ಕಡಿದಂತೆ ಇಳಿತ. ಗಿಟಾರಿನ ಹೊಟ್ಟೆಯ ಮೇಲೆ, ತಂತಿಗಳ ಅಡಿಯಲ್ಲಿ, ಪಿಕಪ್ ಅಂತ ಒಂದು ಇರುತ್ತದೆ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ಕಾಯಿಲ್. ತಂತಿ ಅಲುಗಿದ್ದನ್ನು ಹಿಡಿದು ಪೆಟ್ಟಿಗೆಗೆ ಕಳಿಸುವುದು ಅದೇ. ಈ ಗಿಟಾರಿನಲ್ಲಿ ಅದು ಎರಡು ಕಪ್ಪು ತುಂಡುಗಳಾಗಿತ್ತು. ಒಂದರ ಮೇಲೆ ಎರಡು ಸಣ್ಣ ತಂತಿ, ಇನ್ನೊಂದರ ಮೇಲೆ ಎರಡು ದಪ್ಪ ತಂತಿ.

"ಕಾಯಿಲ್" ಅಂದರು ಅತ್ತಿಗೆ. ಕಳೆದುಹೋದ ನೆಂಟರು ಸಿಕ್ಕಿದ ಹಾಗಿತ್ತು ಅವರ ಮುಖ.

ಭಾನುವಾರ ಬೆಳಿಗ್ಗೆ ನಾನು ಚಿಕ್ಕ ಆಂಪ್ಲಿಫೈಯರ್ ಹೊತ್ತುಕೊಂಡು ಅಣ್ಣನ ಮನೆಗೆ ಹೋದಾಗ, ಗಿಟಾರು ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿಕೊಂಡು ಮಲಗಿತ್ತು. ಅತ್ತಿಗೆ ಕನ್ನಡಕ ಏರಿಸಿ, ವಾಲ್ಯೂಮ್ ಗುಂಡಿಗಳಿರುವ ತಗಡು ಬಿಚ್ಚಿ, ಒಳಗಿನ ವಯರುಗಳಿಗೆ ಮಲ್ಟಿಮೀಟರ್ ಹಚ್ಚಿದ್ದರು. ಒಂದು ತುಂಡಿನ ಕಾಯಿಲ್ ಒಳಗೇ ಶಾರ್ಟ್ ಆಗಿ ಸತ್ತಿದ್ದರೆ ಮೀಟರ್ ಅರ್ಧಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ, ಇರಬೇಕಾದಷ್ಟೇ ತೋರಿಸಿತು. ಗಿಟಾರನ್ನು ಪೆಟ್ಟಿಗೆಗೆ ಹಚ್ಚಿ, ಸ್ಕ್ರೂಡ್ರೈವರಿನ ತುದಿಯಿಂದ ಎರಡೂ ತುಂಡುಗಳನ್ನು ಮೆಲ್ಲಗೆ ಮುಟ್ಟಿ ನೋಡಿದರು. ಸ್ಪೀಕರಿನಲ್ಲಿ ಟಕ್, ಟಕ್. ಎರಡೂ ಕಡೆ ಒಂದೇ ಜೋರು. ಅಂದರೆ ಎರಡೂ ಜೀವಂತವಾಗಿವೆ. ಅತ್ತಿಗೆಗೆ ಒಳಗೊಳಗೇ ನಿರಾಸೆಯಾದದ್ದು ನನಗೆ ಕಾಣಿಸಿತು. ಕಾಯಿಲ್ ಹೋಗಿದ್ದರೆ ಮಧ್ಯಾಹ್ನದೊಳಗೆ ಸುತ್ತಿ ಮುಗಿಸುತ್ತಿದ್ದರು. ಏನೂ ಹೋಗಿಲ್ಲ ಅಂದರೆ ಏನನ್ನು ಸುತ್ತುವುದು?

"ಕಾಯಿಲ್ ಸರಿ ಇದೆ ಅಂತ ಬೇಜಾರು ಮಾಡ್ಕೊಂಡವಳು ನೀನೊಬ್ಬಳೇ" ಅಂದ ಅಣ್ಣ. ಅವನು ನೆಲಕ್ಕೆ ಟೈಲ್ಸ್ ಹಾಕುವವನು. ಭಾನುವಾರವೂ ಪಕ್ಕದ ಬೀದಿಯಲ್ಲಿ ಒಂದು ಬಚ್ಚಲಿನ ಕೆಲಸ ಇಟ್ಟುಕೊಂಡಿದ್ದ. ಟೀ ಕುಡಿಯಲು ಬಂದವನು, ತಟ್ಟೆಗೆ ಟೀ ಬಗ್ಗಿಸಿಕೊಂಡು, ಮೇಜಿನ ಒಂದು ತುದಿಗೆ ಕೂತು ಗಿಟಾರನ್ನು ಪಕ್ಕದಿಂದ ನೋಡುತ್ತಿದ್ದ. ನಾವು ಬೆಳಿಗ್ಗೆಯಿಂದ ಮೇಲಿನಿಂದ ನೋಡುತ್ತಿದ್ದೆವು, ಕಪ್ಪು ತುಂಡು, ಕಪ್ಪು ತಗಡು, ಮೇಲೆ ತಂತಿ, ಏನೂ ಕಾಣುತ್ತಿರಲಿಲ್ಲ. ಅಣ್ಣ ಟೀ ಕೆಳಗಿಟ್ಟು, ಗಲ್ಲವನ್ನು ಮೇಜಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿದ. ಟೈಲ್ಸ್ ಸಮ ಇದೆಯೋ ಅಂತ ನೋಡುವುದು ಹಾಗೆಯೇ.

"ಇದು ಕೂತುಬಿಟ್ಟಿದೆ" ಅಂದ.

"ಯಾವುದು?"

"ಈ ಕಡೆಯದು. ಆ ಕಡೆಯದಕ್ಕಿಂತ ಕೆಳಗಿದೆ. ಕೆಳಗೆ ಹಾಸು ಇಲ್ಲ ಇದಕ್ಕೆ."

ಉಗುರಿನಿಂದ ಎರಡನ್ನೂ ಒತ್ತಿ ತೋರಿಸಿದ. ಸಣ್ಣ ತಂತಿಗಳ ಕೆಳಗಿನ ತುಂಡು ಒತ್ತಿದರೆ ಮತ್ತೆ ಮೇಲೆ ಬರುತ್ತದೆ, ದಪ್ಪ ತಂತಿಗಳದ್ದು ಒತ್ತಿದಲ್ಲೇ ಉಳಿಯುತ್ತದೆ. ಅತ್ತಿಗೆ ಅದರ ಸ್ಕ್ರೂ ಹಿಡಿದು ಸಡಿಲಿಸಿದರು. ಸಡಿಲಿಸಿದರೆ ತುಂಡು ಮೇಲೇಳಬೇಕು. ಸ್ಕ್ರೂ ಮಾತ್ರ ಮೇಲೆ ಬಂತು, ತುಂಡು ಜಾಗ ಬಿಟ್ಟು ಅಲುಗಲಿಲ್ಲ. ಪೂರ್ತಿ ಬಿಚ್ಚಿ ಎತ್ತಿದರೆ ಕೆಳಗೆ ಒದ್ದೆ ಕಾಫಿಪುಡಿಯಂಥ ಏನೋ ಅಂಟಿಕೊಂಡಿತ್ತು. ಅದು ಒಂದು ಕಾಲದಲ್ಲಿ ಸ್ಪಾಂಜು. ಪಿಕಪ್ಪನ್ನು ಕೆಳಗಿನಿಂದ ತಂತಿಗಳ ಹತ್ತಿರಕ್ಕೆ ಎತ್ತಿ ಹಿಡಿಯಲು ಗಿಟಾರ್ ಮಾಡಿದವರು ಇಟ್ಟಿದ್ದ ಒಂದು ತುಂಡು ಸ್ಪಾಂಜು. ವರ್ಷಗಳಾಗಿ, ಆ ಬೇಸಿಗೆಯ ಸೆಕೆಗೆ ಪೂರ್ತಿ ಕರಗಿ, ಪಿಕಪ್ಪು ತಾನು ಕೂತ ಕುಳಿಯ ತಳಕ್ಕೆ ಕುಸಿದಿತ್ತು. ತಂತಿಯಿಂದ ದೂರ ಸರಿದಷ್ಟೂ ಅದಕ್ಕೆ ಸದ್ದು ಸಿಕ್ಕುವುದು ಕಮ್ಮಿ. ಇನ್ನೊಂದು ತುಂಡಿನ ಕೆಳಗಿನದು ಹೇಗೋ ಇನ್ನೂ ಗಟ್ಟಿಯಾಗಿತ್ತು, ಅಷ್ಟೇ ಕಥೆ.

ಅತ್ತಿಗೆ ಆ ಕಪ್ಪು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಇಷ್ಟಕ್ಕೆ ನಾನು ಹೆದರಿ ಸತ್ತೆನಲ್ಲ ಅಂದರು, ನಮಗೆ ಅಲ್ಲ, ಅದಕ್ಕೆ.

ಅಣ್ಣ ಹೊರಗೆ ಹೋಗಿ ಮೊಣಕಾಲಿಗೆ ಕಟ್ಟಿಕೊಳ್ಳುವ ತನ್ನ ದಪ್ಪ ಸ್ಪಾಂಜಿನ ಪಟ್ಟಿ ತಂದ. ಟೈಲ್ಸ್ ಹಾಕುವವರು ಹಗಲೆಲ್ಲ ಮೊಣಕಾಲೂರಿ ಇರುವುದು ಅದರ ಮೇಲೆಯೇ. ಹಳೆಯದು, ಆದರೆ ಒಂದು ಮೂಲೆ ಇನ್ನೂ ಹೊಸದರ ಹಾಗೆ ಪುಟಿಯುತ್ತಿತ್ತು. ಬ್ಲೇಡಿನಿಂದ ಎರಡು ಸಮನಾದ ತುಂಡು ಕೊಯ್ದು ಕೊಟ್ಟ. ಎರಡೂ ಕಡೆ ಹೊಸದನ್ನೇ ಇಟ್ಟು ಸ್ಕ್ರೂ ಬಿಗಿದರು. ಮೊದಲ ಸಲ ವಿಪರೀತವಾಯಿತು. ಪಿಕಪ್ಪು ತಂತಿಗೆ ತೀರಾ ಹತ್ತಿರ ಬಂದು, ಅಯಸ್ಕಾಂತ ತಂತಿಯನ್ನೇ ಎಳೆದು ಹಿಡಿದು, ದಪ್ಪ ತಂತಿ ಜ್ವರ ಬಂದವರ ಹಾಗೆ ನಡುಗುವ ದನಿ ಮಾಡಿತು. ಒಂದೊಂದೇ ಸುತ್ತು ಇಳಿಸಿ, ಮೀಟಿ, ಮತ್ತೆ ಇಳಿಸಿದರು. ಒಂದು ಹಂತದಲ್ಲಿ ನನಗೆ ಸರಿಯಾಗಿದೆ ಅನ್ನಿಸಿತು, ಅತ್ತಿಗೆಗೆ ಇನ್ನೂ ಅಲ್ಲ. ಬೆಳಿಗ್ಗೆಯಿಂದ ಕೇಳಿ ಕೇಳಿ ಇಬ್ಬರ ಕಿವಿಯೂ ದಣಿದಿತ್ತು.

ಅಷ್ಟು ಹೊತ್ತೂ ದೊಡ್ಡಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ನಮ್ಮೆಲ್ಲರ ತುಟಿ ಓದುತ್ತಿದ್ದರು. ಎದ್ದು ಬಂದು ಆಂಪ್ಲಿಫೈಯರಿನ ಮೇಲೆ ಎರಡೂ ಅಂಗೈ ಊರಿದರು. "ನುಡಿಸು" ಅಂದರು. ಅತ್ತಿಗೆ ನಾಲ್ಕೂ ತಂತಿ ಮೀಟಿದರು.

"ಮೂರನೆಯದು ಸ್ವಲ್ಪ ಕಮ್ಮಿ."

ಅತ್ತಿಗೆ ಸ್ಕ್ರೂ ತಿರುಗಿಸಿ ಮತ್ತೆ ಮೀಟಿದರು. ದೊಡ್ಡಮ್ಮ ಕಣ್ಣು ಮುಚ್ಚಿ ನಿಂತಿದ್ದರು.

"ಈಗ ನಾಲ್ಕೂ ಒಂದೇ ಮನೆಯವು" ಅಂದರು. ಆಮೇಲೆ ಕಣ್ಣು ತೆರೆದು, ಗಿಟಾರನ್ನಲ್ಲ, ಮಗಳನ್ನು ನೋಡಿ, "ಹಾಗಾದ್ರೆ ನಿನಗೆ ಏನೂ ಆಗಿಲ್ಲ?" ಅಂತ ಕೇಳಿದರು.

ಅತ್ತಿಗೆ ಅವರ ಎದುರು ಮುಖ ಮಾಡಿ, ತುಟಿ ಚೆನ್ನಾಗಿ ಕಾಣುವ ಹಾಗೆ, ನಿಧಾನವಾಗಿ ಹೇಳಿದರು: "ಗಿಟಾರಿಗೆ ಆಗಿದ್ದು ಅಮ್ಮ. ನನಗಲ್ಲ." ದೊಡ್ಡಮ್ಮ ಕುರ್ಚಿಗೆ ವಾಪಸ್ ಹೋಗಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಟೀ ಆರಿಹೋಯಿತು ಅಂತ ಅಣ್ಣನನ್ನು ಗದರಿದರು. ಅವನ ತಪ್ಪೇನೂ ಇರಲಿಲ್ಲ. ಯಾರನ್ನಾದರೂ ಗದರಬೇಕಿತ್ತು, ಅವನು ಹತ್ತಿರ ಇದ್ದ.

ನಿವೃತ್ತಿ ಸಮಾರಂಭ ಚೆನ್ನಾಗಿಯೇ ಆಯಿತು. ಹೊಸ ಹಾಡು ಶುರುವಾಗುವಾಗ ಅತ್ತಿಗೆ ದಪ್ಪ ತಂತಿಗೆ ಇಳಿದರು, ಟೀಚರ್ ಸರಿಯಾಗಿ ಎತ್ತಿಕೊಂಡರು. ನಿವೃತ್ತರಾಗುತ್ತಿದ್ದವರು ಮುಂದಿನ ಸಾಲಿನಲ್ಲಿ ಕಾಲು ಕುಣಿಸುತ್ತಿದ್ದರು. ಬೇರೆಯವರನ್ನು ನೋಡಿಕೋ ಅನ್ನುವ ಮಾತನ್ನು ಅತ್ತಿಗೆ ಮತ್ತೆ ಎತ್ತಲಿಲ್ಲ, ನಾನಂತೂ ನೆನಪಿಸಲಿಲ್ಲ.

ಇಷ್ಟಕ್ಕೇ ಮುಗಿಯಿತು ಅಂತ ನಾವು ಅಂದುಕೊಂಡಿದ್ದರೆ, ಅತ್ತಿಗೆ ತಾವಾಗಿಯೇ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಹೆಸರು ಕೊಟ್ಟು ಬಂದರು. ಗಿಟಾರಿನದು ಗೊತ್ತಾಯಿತು, ಇನ್ನು ನನ್ನದೂ ಗೊತ್ತಾಗಲಿ ಅಂದರು. ಹೆದರಿಕೆ ಇಳಿದ ಮೇಲ್ಯಾಕೆ ಹೋಗುವುದು ಅಂತ ನಾನು ಕೇಳಿದೆ. ಹೆದರಿಕೆ ಇದ್ದಾಗ ಕಾಲು ಬರಲಿಲ್ಲವಲ್ಲ ಅಂದರು. ದೊಡ್ಡಮ್ಮನನ್ನೂ ಕರೆದುಕೊಂಡು ಹೋಗಿದ್ದರು, ಜೊತೆಗೆ ನಾನು. ಗಾಜಿನ ಕಿಟಕಿಯಿದ್ದ ಪುಟ್ಟ ಕೋಣೆಯೊಳಗೆ ಅತ್ತಿಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರು. ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು. ನಾವು ಹೊರಗೆ ಬೆಂಚಿನ ಮೇಲೆ. ಒಳಗಿನ ಸದ್ದು ನಮಗೆ ಕೇಳಿಸುವುದಿಲ್ಲ, ಬೆರಳು ಮಾತ್ರ ಕಾಣುತ್ತದೆ. ಬೆರಳು ಏಳುತ್ತಲೇ ಇತ್ತು. ಒಮ್ಮೆ ಬಹಳ ಹೊತ್ತು ಏಳಲಿಲ್ಲ. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದರು. ಆಮೇಲೆ ಎದ್ದಿತು.

ಡಾಕ್ಟರ್ ಹೇಳಿದ್ದು ಇಷ್ಟು: ಕಿವಿ ಎರಡೂ ಚೆನ್ನಾಗಿವೆ, ತಗ್ಗಿನ ಸದ್ದೂ ಸೇರಿ. ಮನೆತನದಲ್ಲಿ ಇರುವುದರಿಂದ ಮುಂದೆ ಬರುವುದೇ ಇಲ್ಲ ಅಂತ ಬರೆದುಕೊಡಲಾರೆ, ವರ್ಷಕ್ಕೊಮ್ಮೆ ಬಂದು ತೋರಿಸಿ, ಬಂದರೂ ಈಗ ಬೇಗ ಹಿಡಿದರೆ ಒಳ್ಳೆಯ ಚಿಕಿತ್ಸೆ ಇದೆ. ನುಡಿಸುವಾಗ ಡ್ರಮ್ಸಿನಿಂದ ದೂರ ನಿಲ್ಲಿ. ಕೊನೆಯದನ್ನು ಹೇಳುವಾಗ ಅತ್ತಿಗೆ ನನ್ನ ಕಡೆ ನೋಡಿದರು, ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡಿದೆ.

ಮೆಟ್ಟಿಲಿಳಿದು ಬರುವಾಗ ಅತ್ತಿಗೆ ಡಾಕ್ಟರ ಮಾತುಗಳನ್ನೆಲ್ಲ ದೊಡ್ಡಮ್ಮನಿಗೆ ಮುಖಾಮುಖಿ ನಿಂತು ಒಪ್ಪಿಸಿದರು. ದೊಡ್ಡಮ್ಮ ಪೂರ್ತಿ ಓದಿಕೊಂಡರು. ಗೇಟಿನ ಹತ್ತಿರ ಬಂದ ಮೇಲೆ ಅಂದರು:

"ಸರಿ. ಇನ್ನು ಮೇಲೆ ನಾನು ಕರೆದಾಗ ಕೇಳಿಸಲಿಲ್ಲ ಅಂತ ನೆಪ ಹೇಳೋ ಹಾಗಿಲ್ಲ."

ಅತ್ತಿಗೆ ಅವರ ಹೆಗಲ ಮೇಲೆ ಕೈ ಹಾಕಿಕೊಂಡರು. ವರ್ಕ್‌ಶಾಪಿನಲ್ಲಿ ಒಬ್ಬರು ಪಂಪಿಗಾಗಿ ಕಾಯುತ್ತಿದ್ದಾರೆ, ಬೇಗ ನಡೆ ಅಂತ ನನಗೆ ಹೇಳಿ, ತಾವೇ ಎಲ್ಲರಿಗಿಂತ ನಿಧಾನವಾಗಿ ನಡೆದರು.